ಅಪ್‌ಡೇಟ್: ಅಪ್ಪಾಜಿಯ ಕ್ಯಾಸೆಟ್ ಸಿಕ್ಕಿತು

ಹೋದ ತಿಂಗಳು ಕೇಳಿದ್ದೆನಲ್ಲ, ಊರೆಲ್ಲ ಹೊಗಳುತ್ತಿದ್ದ ಗಾಯಕ ಅಪ್ಪಾಜಿ ಮನೆಯಲ್ಲಿ ನಮ್ಮ ಜೊತೆ ಯಾಕೆ ಮಾತಾಡುತ್ತಿರಲಿಲ್ಲ, ಈಗ ಅವರಿಲ್ಲ, ಯಾರನ್ನು ಕೇಳಲಿ ಅಂತ. ಶಿಷ್ಯರನ್ನು ಕೇಳಿ ಅಂದಿದ್ದಿರಿ. ಬೆಳಗಾವಿಯ ಟಿಳಕವಾಡಿಯಲ್ಲಿರುವ ಹಿರಿಯ ಶಿಷ್ಯರ ಮನೆಗೆ ಹೋದೆ.

"ತಂಗಿ, ತೋಡಿ ರಾಗದ ಗಾಂಧಾರ ಸ್ವರ ಬರೇ ಕೋಮಲ ಅಲ್ಲ, ಇನ್ನೂ ಕೆಳಗ ಕೂಡಬೇಕು. ಅದೊಂದಕ್ಕ ನಿಮ್ಮ ಅಪ್ಪಾಜಿ ವರ್ಷಗಟ್ಟಲೆ ಕೂತಿದ್ರು" ಅಂದರು ಕಾಕಾ. ಅಪ್ಪಾಜಿ ಮನೆಯಲ್ಲಿ ಮಾಡುತ್ತಿದ್ದ ರಿಯಾಜಿನ, ಅಂದರೆ ಹಾಡಿನ ಅಭ್ಯಾಸದ, ಒಂದು ಕ್ಯಾಸೆಟ್ ಕೊಟ್ಟರು.

ಮಿರಜಿನ ತಂಬೂರಿ, ಅಪ್ಪಾಜಿಯ ದನಿ. ನಡುವೆ ಮಗುವೊಂದು ಕೆಮ್ಮುತ್ತದೆ. ಹಾಡು ನಿಲ್ಲುತ್ತದೆ. "ಕೂಸಿಗೆ ಕಷಾಯ ಕೊಟ್ಟೀ ಏನ?" ಅಂತ ಅವ್ವನನ್ನು ಕೇಳುತ್ತಾರೆ. ತಂಬೂರಿ ಮಾತ್ರ ನಿಂತಿಲ್ಲ.

ಕೆಮ್ಮಿದ್ದು ನಾನೇ. ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ಅಷ್ಟನ್ನೇ ಹಿಂದಕ್ಕೆ ಸುತ್ತಿ ಸುತ್ತಿ ಕೇಳುತ್ತಿದ್ದೇನೆ.