ಸಂಜೆಯ ಆಟದ ತರಗತಿಗೆ ಹುಡುಗಿಯರು ನಿಲ್ಲುತ್ತಿಲ್ಲ, ಏನು ಮಾಡೋಣ?

ಪ್ರಶ್ನೆ (ದೈಹಿಕ ಶಿಕ್ಷಣ ಶಿಕ್ಷಕಿ): ಶಾಲೆ ಬಿಟ್ಟ ಮೇಲೆ ವಾರಕ್ಕೆ ಮೂರು ದಿನ, ದಿನಕ್ಕೊಂದು ಗಂಟೆ, 13ರಿಂದ 15 ವಯಸ್ಸಿನ ಹುಡುಗಿಯರಿಗೆ ಆಟ ಆಡಿಸುತ್ತಿದ್ದೇವೆ. ಮೊದಲ ವಾರ 28 ಮಂದಿ ಬಂದರು, ಈಗ 9 ಜನ. ಬಂದವರಲ್ಲೂ ಅರ್ಧ ಜನ ಪಕ್ಕದಲ್ಲಿ ಕೂತು ಮಾತಾಡುತ್ತಾರೆ. ಬಹುಮಾನ ಇಟ್ಟರೆ ಸರಿಹೋದೀತೇ ಸರ್?

ಉತ್ತರ (ಕ್ರೀಡಾ ಫಿಸಿಯೋಥೆರಪಿಸ್ಟ್): ಬಹುಮಾನ ಬೇಡ ಮೇಡಂ. ಅದು ಹೇಗೂ ಚೆನ್ನಾಗಿ ಓಡುವ ಮೂವರಿಗೇ ಹೋಗುತ್ತದೆ, ಉಳಿದವರಿಗೆ ‘ಇದು ನಮ್ಮಂಥವರಿಗಲ್ಲ’ ಅನ್ನೋದು ಖಾತ್ರಿಯಾಗುತ್ತದೆ.

ಮೊದಲು ಸ್ಟಾಪ್‌ವಾಚ್ ಹಿಡಿದು ಒಬ್ಬಳೇ ಹುಡುಗಿಯನ್ನು 10 ನಿಮಿಷ ಗಮನಿಸಿ. ಅವಳ ಕಾಲು ನಿಜಕ್ಕೂ ಆಡಿದ್ದು ಎಷ್ಟು ಹೊತ್ತು? ರಿಲೇ ಲೆಕ್ಕ ನೋಡಿ: 28 ಮಂದಿಯ ಎರಡು ಸಾಲು, ಸಾಲಿಗೆ 14. ಒಬ್ಬಳು 20 ಸೆಕೆಂಡ್ ಓಡಿದರೆ ಮತ್ತೆ ಸರದಿ ಬರಲು 4 ನಿಮಿಷ 20 ಸೆಕೆಂಡ್ ನಿಲ್ಲಬೇಕು. ಅವಳು ಓಡುವ ಆ 20 ಸೆಕೆಂಡಿನಲ್ಲಿ ಸಾಲಿನಲ್ಲಿರುವವರ ಕಣ್ಣೆಲ್ಲ ಅವಳ ಮೈಮೇಲೆ. ಆ ವಯಸ್ಸಿಗೆ ಇದಕ್ಕಿಂತ ಮುಜುಗರದ ವ್ಯವಸ್ಥೆ ಬೇಕಿಲ್ಲ.

ಸಾಲು ತೆಗೆದುಹಾಕಿ. ಸುಮಾರು 10 x 15 ಮೀಟರಿನ ಚಿಕ್ಕ ಅಂಕಣಗಳನ್ನು ಕೋನ್ ಇಟ್ಟು ಗುರುತು ಮಾಡಿ, ಒಂದೊಂದಕ್ಕೂ ಒಂದು ಚೆಂಡು, ಮೂವರಿಗೆ ಮೂವರು. 4 ನಿಮಿಷ ಆಟ, 1 ನಿಮಿಷ ನೀರು, ಆಮೇಲೆ ಎದುರಾಳಿ ಬದಲಿ. ಎಲ್ಲರೂ ಆಡುತ್ತಿರುವಾಗ ನೋಡುವವರು ಯಾರೂ ಉಳಿಯುವುದಿಲ್ಲ. ನಾಯಕಿಯರನ್ನು ನಿಲ್ಲಿಸಿ ‘ನಿನಗೆ ಯಾರು ಬೇಕು’ ಅಂತ ತಂಡ ಆರಿಸಲು ಮಾತ್ರ ಬಿಡಬೇಡಿ, ಕೊನೆಗೆ ಉಳಿದವಳು ಮರುದಿನ ಬರುವುದಿಲ್ಲ. ಬಣ್ಣದ ಚೀಟಿ ಎತ್ತಿಸಿ.

ಪ್ರಶ್ನೆ: ಗಂಟೆಯನ್ನು ಹೇಗೆ ಹಂಚಲಿ? ತೂಕ ನೋಡಿ ದಾಖಲಿಸಿ ಅಂತ ಆಡಳಿತದವರು ಹೇಳಿದ್ದಾರೆ.

ಉತ್ತರ: ತೂಕದ ಯಂತ್ರ ಮೈದಾನದ ಹತ್ತಿರ ಬರಬಾರದು. ಹಾಜರಿ ಮತ್ತು ಮೈ ಆಡಿದ ನಿಮಿಷ, ಇವೆರಡನ್ನು ಬರೆದಿಡಿ, ವರದಿಗೆ ಸಾಕು. 15 ನಿಮಿಷ ವಾರ್ಮ್‌ಅಪ್, 35 ನಿಮಿಷ ಆಟ, ಉಳಿದದ್ದು ಉಸಿರು ಇಳಿಸಿಕೊಳ್ಳಲು. ಬಿರುಸು ಸಾಲದೇ ಅನ್ನಿಸಿದರೆ ಮಾತಾಡಿಸಿ ನೋಡಿ: ಮಾತು ಬರುತ್ತದೆ, ಹಾಡಲಾಗದು ಅಂದರೆ ಮಧ್ಯಮ. ನಾಲ್ಕು ಪದಕ್ಕೇ ಉಸಿರು ಕಟ್ಟಿದರೆ ಬಿರುಸು. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ, ವಾರಕ್ಕೆ ಕನಿಷ್ಠ ಮೂರು ದಿನ ಬಿರುಸಿನ ಹಾಗೂ ಸ್ನಾಯು, ಮೂಳೆ ಗಟ್ಟಿಗೊಳಿಸುವ ಚಟುವಟಿಕೆ ಅನ್ನುತ್ತದೆ. 2016ರ ಜಾಗತಿಕ ಅಂಕಿಅಂಶದಲ್ಲಿ 11ರಿಂದ 17ರ ಹುಡುಗಿಯರಲ್ಲಿ 85%, ಹುಡುಗರಲ್ಲಿ 78% ಮಂದಿ ದಿನಕ್ಕೊಂದು ಗಂಟೆಯ ಮಟ್ಟ ಮುಟ್ಟಿರಲಿಲ್ಲ. ಹಾಗಾಗಿ ನಿಮ್ಮ ಹುಡುಗಿಯರನ್ನಷ್ಟೇ ಸೋಮಾರಿಗಳು ಅನ್ನಬೇಡಿ.

ಪ್ರಶ್ನೆ (ತಾಯಿ): ಮಗಳಿಗೆ 14. ಜಿಗಿದಿಳಿದರೆ ಮಂಡಿ ನೋಯುತ್ತೆ ಅಂತಾಳೆ. ಆಟ ಬಿಡಿಸಲೇ?

ಉತ್ತರ: ಬಿಡಿಸುವ ಮುಂಚೆ ಇಳಿಯುವ ರೀತಿ ನೋಡಿ. ಸುಮಾರು 20 ಸೆಂಟಿಮೀಟರ್ ಎತ್ತರದ ಮೆಟ್ಟಿಲಿಂದ ಎರಡೂ ಕಾಲಲ್ಲಿ ಮೆಲ್ಲಗೆ ಇಳಿಯಲು ಹೇಳಿ, ಎದುರಿಗೆ ನಿಂತು ನೋಡಿ. ಮಂಡಿಗಳು ಒಳಕ್ಕೆ ವಾಲಿ ಒಂದಕ್ಕೊಂದು ಹತ್ತಿರ ಬಂದರೆ, ಮಂಡಿ ಮಡಿಯದೆ ‘ಧಪ್’ ಅಂತ ಸದ್ದಾದರೆ, ಅದನ್ನು ತಿದ್ದಬೇಕು. ಹೇಳಬೇಕಾದ್ದು ಒಂದೇ ಮಾತು: ಸದ್ದಾಗದಂತೆ ಇಳಿ, ಮಂಡಿ ಪಾದದ ನೇರಕ್ಕಿರಲಿ. ಮಂಡಿಯೊಳಗಿನ ಎಸಿಎಲ್ ಅಸ್ಥಿರಜ್ಜು ಹರಿಯುವುದು ಹದಿವಯಸ್ಸಿನ ಹುಡುಗಿಯರಲ್ಲಿ ಹುಡುಗರಿಗಿಂತ ಹೆಚ್ಚು, ಅದಕ್ಕೇ ವಾರ್ಮ್‌ಅಪ್ ಅಂದರೆ ಮೈದಾನಕ್ಕೆ ಎರಡು ಸುತ್ತು ಅಂದುಕೊಳ್ಳಬಾರದು. ಒಂಟಿ ಕಾಲ ಸಮತೋಲ, ಕುಕ್ಕರುಗಾಲು, ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ಮೈ ನೇರವಾಗಿ ಹಿಡಿದಿಡುವುದು), ಜಿಗಿತ ಸೇರಿರಲಿ. ಫುಟ್‌ಬಾಲಿಗೆಂದು ಮಾಡಿದ, 20 ನಿಮಿಷದ ‘ಫಿಫಾ 11+’ ಕ್ರಮದಲ್ಲಿ ಇದೆಲ್ಲ ಇದೆ. ವಾರಕ್ಕೆ ಎರಡು ಸಲವಾದರೂ ಮಾಡದಿದ್ದರೆ ಪ್ರಯೋಜನ ಕಮ್ಮಿ. ಮಂಡಿ ಊದಿಕೊಂಡರೆ, ‘ಟಪ್’ ಅಂದು ಸಡಿಲವಾದರೆ, ನೋವು ಎರಡು ವಾರ ದಾಟಿದರೆ ವೈದ್ಯರಿಗೆ ತೋರಿಸಿ.

ಇನ್ನೊಬ್ಬರು (ಹುಡುಗಿಯರ ವಾಲಿಬಾಲ್ ತರಬೇತುದಾರರು): ಸರ್ ಹೇಳದ್ದು ಒಂದಿದೆ. ಬಟ್ಟೆ. ಎದೆ ಕುಲುಕುತ್ತದೆ ಅನ್ನುವ ಸಂಕೋಚಕ್ಕೇ ಓಟ ಬಿಡುವವರಿದ್ದಾರೆ, ಬಾಯಿಬಿಟ್ಟು ಹೇಳುವುದಿಲ್ಲ. ಸ್ಪೋರ್ಟ್ಸ್ ಬ್ರಾದಲ್ಲಿ ಭಾರ ಹೊರುವುದು ಹೆಚ್ಚಾಗಿ ಕೆಳಪಟ್ಟಿ. ಕೈ ಮೇಲೆತ್ತಿದಾಗ ಅದು ಮೇಲೇರಿದರೆ ಸಡಿಲ, ಕೆಳಗೆ ಎರಡು ಬೆರಳು ತೂರದಿದ್ದರೆ ಬಿಗಿ. ಇದನ್ನು ಶಿಕ್ಷಕಿಯೇ ಹೇಳಲಿ. ಆಟಕ್ಕೆ ಗಾಢ ಬಣ್ಣದ ಪ್ಯಾಂಟು, ಒಳಗಿಂದ ಚಿಲಕ ಬೀಳುವ ಶೌಚಾಲಯ, ಯಾರನ್ನೂ ಕೇಳದೆ ತೆಗೆದುಕೊಳ್ಳಬಹುದಾದ ಪ್ಯಾಡ್. ಮುಟ್ಟಿನ ದಿನ ಆಡಬಹುದು, ಆಡಲೇಬೇಕೆಂದಿಲ್ಲ. ನಿಯಮಿತವಾಗಿದ್ದ ಮುಟ್ಟು ಮೂರು ತಿಂಗಳು ನಿಂತರೆ ಮಾತ್ರ ವೈದ್ಯರ ಹತ್ತಿರ ಹೋಗಲೇಬೇಕು, ಊಟ ಸಾಲದೆ ಇರಬಹುದು.

ಪ್ರಶ್ನೆ (ಶಿಕ್ಷಕಿ): ಬಿಟ್ಟುಹೋದ 19 ಮಂದಿಯನ್ನು ವಾಪಸ್ ಕರೆಯೋದು ಹೇಗೆ?

ಉತ್ತರ: ತರಗತಿಯಲ್ಲಿ ನಿಲ್ಲಿಸಿ ಕೇಳಬೇಡಿ. ಹೆಸರು ಬರೆಯದ ಚೀಟಿ ಕೊಡಿ, ಮೂರೇ ಪ್ರಶ್ನೆ: ಯಾವ ಆಟ ಬೇಕು, ಯಾವುದು ಬೇಡ, ಬರಲು ಅಡ್ಡಿ ಏನು. ಹೆಚ್ಚು ಮತ ಬಿದ್ದ ಎರಡನ್ನು ನಾಲ್ಕು ವಾರ ನಡೆಸಿ, ನೃತ್ಯ ಬಂದರೂ ಸರಿಯೇ. ಈಗಿರುವ 9 ಮಂದಿ ಒಬ್ಬೊಬ್ಬ ಗೆಳತಿಯನ್ನು ಕರೆತರಲಿ. ಕೊನೆಯ ಗಂಟೆ ಹೊಡೆದ ಕಾಲು ಗಂಟೆಯೊಳಗೆ ಶುರುವಾಗಲಿ, ಅಷ್ಟರಲ್ಲಿ ಏನಾದರೂ ಸ್ವಲ್ಪ ತಿಂದಿರಲಿ. ಮಧ್ಯಾಹ್ನದ ಊಟವಾಗಿ ನಾಲ್ಕು ತಾಸಾಗಿರುತ್ತದೆ. ಬಂದವಳಿಗೆ ‘ಇಷ್ಟು ದಿನ ಎಲ್ಲಿದ್ದೆ’ ಅನ್ನಬೇಡಿ, ಕೈಗೆ ಚೆಂಡು ಕೊಡಿ.