ಸೂಡಾನ್‌ಗಾಗಿ ಪ್ರಾರ್ಥಿಸಿದ ಬಾಯಲ್ಲೇ ಸಾಕ್ಷಿ ಓದುವುದು ಹೇಗೆ?

ಗ್ಯಾರೇಜ್_ಬೀದರ್ ಕೇಳಿದ್ದು:

ಎಲ್ಲರಿಗೂ ವಂದನೆ. ಬೀದರಿನಲ್ಲಿ ನಂದೊಂದು ಬೈಕ್ ಗ್ಯಾರೇಜ್ ಇದೆ. ನಮ್ಮದು ಮೆಥೋಡಿಸ್ಟ್ ಕ್ರೈಸ್ತ ಸಭೆ. ಭಾನುವಾರ ಪ್ರಾರ್ಥನೆಯ ಚೀಟಿಗಳನ್ನು ಓದುವ ಕೆಲಸ ನನಗೆ ಬಿದ್ದಿದೆ. ಮೊಣಕಾಲು ಆಪರೇಷನ್, ಮಗಳ ಲಗ್ನ, ತೊಗರಿಗೆ ಮಳೆ. ಓದುತ್ತೇನೆ, ಎಲ್ಲರೂ ಆಮೆನ್ ಅನ್ನುತ್ತಾರೆ.

ಹೋದ ವಾರ ಕಾಣಿಕೆ ಕವರಿನ ಜೊತೆ ಒಂದು ಸಾಕ್ಷಿ, ಅಂದರೆ ದೇವರ ಉಪಕಾರ ನೆನೆದು ಬರೆದ ಚೀಟಿ, ಬಂತು. ಹುಮನಾಬಾದ್ ರೋಡಿನಲ್ಲಿ ಮಗನ ಬೈಕ್ ಬಿತ್ತು, ದೇವರು ಕಾಪಾಡಿದ ಅಂತ ತಾಯಿ ಬರೆದಿದ್ದರು. ಆ ಬೈಕ್ ನನ್ನ ಹತ್ತಿರವೇ ಬಂದಿತ್ತು. ಫೋರ್ಕ್ ಎರಡೂ ಒಳಕ್ಕೆ ಬಾಗಿದ್ದವು, ಟ್ಯಾಂಕ್ ಒಂದು ಕಡೆ ಪೂರ್ತಿ ನುಗ್ಗಾಗಿತ್ತು. ಹೆಲ್ಮೆಟ್ ಕಿವಿಯ ಮೇಲಿಂದ ಹಿಂದಿನವರೆಗೂ ಸೀಳಿತ್ತು. ಹುಡುಗನಿಗೆ ಮೊಣಕೈ ತರಚಿದ್ದು ಅಷ್ಟೇ. ನೋಡಿ ನಾನೂ ಸ್ತೋತ್ರ ಅಂದೆ.

ಅದರ ಕೆಳಗಿನ ಚೀಟಿ ಒಬ್ಬ ಕಾಲೇಜು ಹುಡುಗಿಯದು. 'ಸೂಡಾನ್ ಜನರಿಗಾಗಿ' ಅಂತ ಇತ್ತು. ಅಲ್ಲಿ 2023ರ ಏಪ್ರಿಲ್ 15ರಂದು ಸೈನ್ಯಕ್ಕೂ ಆರ್‌ಎಸ್‌ಎಫ್ ಎಂಬ ಅರೆಸೈನಿಕ ಪಡೆಗೂ ಕಾಳಗ ಶುರುವಾಯಿತು. ಒಂದು ಕೋಟಿಗೂ ಜಾಸ್ತಿ ಜನ ಮನೆ ಬಿಟ್ಟರು. 2024ರ ಆಗಸ್ಟ್‌ನಲ್ಲಿ ದೇಶದ ಪಶ್ಚಿಮಕ್ಕಿರುವ ಡಾರ್‌ಫುರ್‌ನ ಜಮ್‌ಜಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮ ಬಂದಿದೆ ಎಂದು ತಜ್ಞರು ಹೇಳಿದರು. ರಾತ್ರಿ ಫೋನಿನಲ್ಲಿ ಅಲ್ಲಿಯ ಮಕ್ಕಳ ಕೈಕಾಲು ನೋಡಿದ್ದೆ. ಆ ತಾಯಂದಿರೂ ದೇವರನ್ನು ಕರೆದಿರುತ್ತಾರೆ, ಅಲ್ವಾ? ನಮ್ಮ ಹುಡುಗನನ್ನು ಹಿಡಿದ ಕೈ ಅಲ್ಲಿ ಏನು ಮಾಡುತ್ತಿತ್ತು?

ದೇವರಿಲ್ಲ ಅಂತ ನಾನು ಹೇಳುತ್ತಿಲ್ಲ, ಬಿಡುವ ಮನಸ್ಸೂ ಇಲ್ಲ. ಸಾಕ್ಷಿ ಓದಲು ಮಾತ್ರ ಬಾಯಿ ಏಳುತ್ತಿಲ್ಲ. ಆ ತಾಯಿಯ ಖುಷಿ ಕೆಡಿಸಲೂ ಇಷ್ಟವಿಲ್ಲ. ನೀವೆಲ್ಲ ಏನು ಮಾಡುತ್ತೀರಿ? 'ದೇವರ ಚಿತ್ತ' ಅಂತ ಬರೆಯಬೇಡಿ. ಅದು ನನ್ನಲ್ಲಿ ಸ್ಟಾಕ್ ಇದೆ.

ಕಲ್ಯಾಣದ_ಮಾಸ್ತರ:

ತಮ್ಮಾ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಾನು ಬಸವಕಲ್ಯಾಣದಲ್ಲಿದ್ದೆ. ಮಂಚ ನಡುಗಿತು, ಅಡುಗೆಮನೆಯ ಡಬ್ಬಿಗಳು ಉರುಳಿದವು. ಜನ ಗಣಪತಿ ಕಳಿಸಿ ಬಂದು ಮಲಗಿದ್ದ ರಾತ್ರಿ ಅದು. ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿ ಮತ್ತು ಸುತ್ತಲ ಹಳ್ಳಿಗಳಲ್ಲಿ ಸುಮಾರು 10,000 ಮಂದಿ ಸತ್ತರು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಭಾರದ ಮಾಳಿಗೆ. ಮಲಗಿದವರ ಮೇಲೇ ಬಿತ್ತು. ನಮ್ಮ ಮನೆಯೂ ಅದೇ ಥರದ್ದು, ನಿಂತಿತು. ಮುಂದಿನ ಭಾನುವಾರ ಒಬ್ಬ ಬೋಧಕರು ಅದು ಮೂರ್ತಿಪೂಜೆಗೆ ಶಿಕ್ಷೆ ಎಂದರು. ನಾನು ಎದ್ದು ಹೊರಗೆ ಬಂದೆ.

ಈ ಚಾಳಿ ಹಳೆಯದು. 1755ರ ನವೆಂಬರ್ 1, ಸಕಲ ಸಂತರ ಹಬ್ಬ. ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಚರ್ಚುಗಳು ತುಂಬಿದ್ದಾಗಲೇ ಭೂಮಿ ನಡುಗಿತು. ಮೆಥೋಡಿಸ್ಟ್ ಪಂಥ ಶುರುಮಾಡಿದ ನಮ್ಮ ಜಾನ್ ವೆಸ್ಲಿಯವರೇ ಅದರಲ್ಲಿ ದೇವರ ತೀರ್ಪು ಕಂಡು ಪುಸ್ತಿಕೆ ಬರೆದರು. ಮೆಥೋಡಿಸ್ಟನಾಗಿಯೇ ಹೇಳುತ್ತೇನೆ, ಈ ಒಂದು ಮಾತನ್ನು ನಾನು ಒಪ್ಪುವುದಿಲ್ಲ. ಬೈಬಲಿನಲ್ಲಿ ಲೂಕ 13 ತೆಗೆದು ನೋಡು. ಯೆರೂಸಲೇಮಿನ ಸಿಲೋವದ ಬುರುಜು ಬಿದ್ದು 18 ಮಂದಿ ಸತ್ತಿದ್ದಾರೆ. ಅವರು ಉಳಿದವರಿಗಿಂತ ದೊಡ್ಡ ಪಾಪಿಗಳಲ್ಲ ಎಂದು ಯೇಸು ಖಡಾಖಂಡಿತ ಹೇಳುತ್ತಾನೆ. ಬುರುಜು ಯಾಕೆ ಬಿತ್ತು ಅಂತ ಹೇಳುವುದಿಲ್ಲ. ಕೇಳುತ್ತ ನಿಂತವರಿಗೆ 'ನೀವು ದೇವರ ಕಡೆಗೆ ತಿರುಗಿಕೊಳ್ಳಿ' ಅನ್ನುತ್ತಾನೆ. ನನಗೆ ಗೊತ್ತಿರುವುದು ಇಷ್ಟೇ.

ಈಗ_ಹೋಗಲ್ಲ:

ಮಾಸ್ತರೇ, ಬುರುಜು ತಾನಾಗಿ ಬಿತ್ತು. ಸೂಡಾನ್ ಮನುಷ್ಯರೇ ಮಾಡಿದ್ದು. ಬಂದೂಕು ಹಿಡಿದವರನ್ನು ಬಿಟ್ಟು ಮೇಲೆ ನೋಡುವುದು ಯಾಕೆ? ಗ್ಯಾರೇಜ್ ಅಣ್ಣಾ, ಹುಡುಗನನ್ನು ಉಳಿಸಿದ್ದು ಹೆಲ್ಮೆಟ್. ಹಾಗಂತಲೇ ಓದಿಬಿಡಿ! ದುಃಖ ನೋಡಿ ನಾನು ಚರ್ಚು ಬಿಡಲಿಲ್ಲ. ತಂಗಿ ತೀರಿಕೊಂಡಾಗ ಜನ ಹೇಳಿದ ಸಮಾಧಾನ ಕೇಳಿ ಬಿಟ್ಟೆ.

ಭಾಲ್ಕಿ_ನರ್ಸಕ್ಕ:

ಅಣ್ಣ, ಮೊದಲು ರಾತ್ರಿ ಆ ವಿಡಿಯೋ ನೋಡುವುದು ನಿಲ್ಲಿಸಿ. ನೈಟ್ ಡ್ಯೂಟಿ ಮಾಡುವವಳು ಹೇಳುತ್ತಿದ್ದೇನೆ. ನಿದ್ದೆಗೆಟ್ಟವನಿಂದ ಯಾರಿಗೂ ಉಪಯೋಗ ಇಲ್ಲ.

ಸೂಡಾನ್ ಚೀಟಿಗೆ ಮುಂಚೆ ಕೀರ್ತನೆ 88 ಓದಿ. ದೂರು, ದೂರು, ಬರೀ ದೂರು. ಸ್ತೋತ್ರವಿಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಆದರೂ ಅದನ್ನು ಯಾರೂ ಬೈಬಲಿನಿಂದ ಕಿತ್ತುಹಾಕಲಿಲ್ಲ. ನಾವೇ ಸುಮ್ನೆ ಹಾರಿಸಿ ಮುಂದಕ್ಕೆ ಹೋಗುತ್ತೇವೆ.

ಇನ್ನೊಂದು, ಅಪೊಸ್ತಲರ ಕೃತ್ಯಗಳು 11. ಬರಗಾಲ ಬರುತ್ತೆ ಅಂತ ಪ್ರವಾದಿ ಅಗಬ ಹೇಳಿದ. ಅಂತಿಯೋಕ್ಯ ಊರಿನ ಸಭೆಯವರು 'ಯಾಕೆ ದೇವರೇ' ಅಂತ ಚರ್ಚೆಗೆ ಕೂತ ಸುದ್ದಿ ಅಲ್ಲಿಲ್ಲ. ಅವರವರ ಕೈಲಾದಷ್ಟು ಹಾಕಿ, ಬಾರ್ನಬ ಮತ್ತು ಸೌಲರ (ಮುಂದೆ ಪೌಲ ಅನ್ನಿಸಿಕೊಂಡವನು) ಕೈಯಲ್ಲಿ ಯೂದಾಯ ನಾಡಿನ ವಿಶ್ವಾಸಿಗಳಿಗೆ ಕಳಿಸಿದರು. ಮುಖ ನೋಡದ ಜನಕ್ಕೆ! ಒಂದು ಭಾನುವಾರದ ಕಾಣಿಕೆ ಕೇಳಿ ನೋಡಿ.

ಗ್ಯಾರೇಜ್_ಬೀದರ್:

ಮಾಸ್ತರೇ, ಅಕ್ಕಾ, ಉಪಕಾರವಾಯಿತು. ಈಗ_ಹೋಗಲ್ಲ ಅವರೇ, ಹೆಲ್ಮೆಟ್ ಕೆಲಸ ನನಗೆ ಗೊತ್ತು, ಅದೇ ನನ್ನ ಹೊಟ್ಟೆಪಾಡು. ಆದರೆ ಮಗ ಎದ್ದು ಮನೆಗೆ ಬಂದಾಗ ತಾಯಿ ಥರ್ಮೋಕೋಲ್‌ಗೆ ಸ್ತೋತ್ರ ಹೇಳುವುದಿಲ್ಲ. ಅವರ ಸಾಕ್ಷಿ ಓದುತ್ತೇನೆ, ತಕರಾರಿಲ್ಲ. 'ನಮ್ಮನ್ನು ಮಾತ್ರ ವಿಶೇಷವಾಗಿ ಪ್ರೀತಿಸಿದೆ' ಅನ್ನುವ ಸಾಲು ಸೇರಿಸುವುದು ನನ್ನ ರೂಢಿ, ಅದನ್ನು ಬಿಡುತ್ತೇನೆ. ಅದನ್ನು ಯಾರೂ ಬರೆದು ಕೊಡುವುದಿಲ್ಲ, ನಾನೇ ಹೇಳುವುದು.

88ಕ್ಕೆ ಪಾಸ್ಟರ್ ಒಪ್ಪಿದ್ದಾರೆ. ಕಾಣಿಕೆ ವಿಷಯ ಕಮಿಟಿಗೆ ಹೋಗಬೇಕಂತೆ. ಅಲ್ಲಿ 'ಚರ್ಚಿನ ತಗಡೇ ಸೋರುತ್ತಿದೆ, ಸೂಡಾನ್‌ಗೆ ದುಡ್ಡಾ?' ಅಂತ ಒಬ್ಬರು ಕೇಳೇ ಕೇಳುತ್ತಾರೆ. ಯಾರು ಅಂತಲೂ ಗೊತ್ತು. ನರ್ಸಕ್ಕ, ಅವರಿಗೆ ಕೊಡಲು ಇನ್ನೊಂದು ವಚನ ಇದ್ದರೆ ಹೇಳಿ, ಕಮಿಟಿ ಗುರುವಾರ ಇದೆ.