ನಿಕೋಬಾರ್ ಟ್ರಕೋಮಾ ಸಮೀಕ್ಷೆ: ಗುಳ್ಳೆ ಎಣಿಸುವುದು, ಮನೆ ಆರಿಸುವುದು ಹೇಗೆ?

ಮಲ್ಪೆ_ಆಪ್ಟೊಮ್:
ಉಡುಪಿಯಿಂದ ನಾವು ನಾಲ್ಕು ಮಂದಿ ನಿಕೋಬಾರ್‌ನ ಹಳ್ಳಿಗಳಿಗೆ ಟ್ರಕೋಮಾ (ರೆಪ್ಪೆಯ ಒಳಪೊರೆಗೆ ತಗಲುವ ಕಣ್ಣಿನ ಸೋಂಕುರೋಗ) ಸಮೀಕ್ಷೆಗೆ ಹೊರಟಿದ್ದೇವೆ. ಬುಡಕಟ್ಟು ಪ್ರದೇಶಕ್ಕೆ ಹೋಗಲು ಬೇಕಾದ ಟ್ರೈಬಲ್ ಪಾಸ್‌ನ ಕೆಲಸ ಆಗಿದೆ. 1ರಿಂದ 9 ವರ್ಷದ ಮಕ್ಕಳಲ್ಲಿ ಟಿಎಫ್ (ರೆಪ್ಪೆಯ ಒಳಗೆ ಗುಳ್ಳೆ ಏಳುವ ಹಂತ), 15 ತುಂಬಿದವರಲ್ಲಿ ಟಿಟಿ (ರೆಪ್ಪೆಕೂದಲು ಒಳಕ್ಕೆ ತಿರುಗುವ ಹಂತ) ನೋಡಬೇಕು ಅಂತ ಗೊತ್ತುಂಟು. ಆದರೆ ಅಳುವ ಮಗುವಿನ ಕಣ್ಣಲ್ಲಿ ಗುಳ್ಳೆ ನಾಲ್ಕಾ ಐದಾ ಅಂತ ಹೇಳುವುದು ಹೇಗೆ? ಇಪ್ಪತ್ತೇ ಮನೆಯ ಊರಾದರೆ ಎಂತ ಮಾಡುವುದು?

ರೆಪ್ಪೆಕೆಲಸ:
ಮೊದಲು ರೆಪ್ಪೆ ಮಗುಚಬೇಡಿ. ಮೇಲಿನ ರೆಪ್ಪೆಯ ಕೂದಲು ಕಣ್ಣುಗುಡ್ಡೆಗೆ ತಾಗುತ್ತದಾ ನೋಡಿ, ಅದು ಟಿಟಿ. ಆಮೇಲೆ ಮಗುವನ್ನು ಅಮ್ಮನ ತೊಡೆ ಮೇಲೆ ಮಲಗಿಸಿ, ತಲೆ ನಿಮ್ಮ ಮೊಣಕಾಲುಗಳ ನಡುವೆ ಬರಲಿ. 2.5 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಭೂತಗನ್ನಡಿಯ ಕನ್ನಡಕ), ಒಳ್ಳೆಯ ಬಿಸಿಲು ಇಲ್ಲವೇ ಟಾರ್ಚ್ ಸಾಕು.

ಈಗ ರೆಪ್ಪೆ ಮಗುಚಿ. ಎಣಿಕೆ ಮೇಲಿನ ರೆಪ್ಪೆಯ ಒಳಪೊರೆಯ ನಡುಭಾಗದಲ್ಲಿ ಮಾತ್ರ. ಎರಡು ಮೂಲೆ, ಅಂಚಿನ ಗುಳ್ಳೆ ಆರೋಗ್ಯವಂತರಲ್ಲೂ ಇರ್ತವೆ, ಬಿಟ್ಟುಬಿಡಿ. 0.5 ಮಿ.ಮೀ. ಅಥವಾ ದೊಡ್ಡ ಗುಳ್ಳೆ ಐದು ಸಿಕ್ಕರೆ ಟಿಎಫ್. ಹೆಬ್ಬೆರಳಿನ ಉಗುರಿಗೆ 0.5 ಮಿ.ಮೀ. ಚುಕ್ಕಿಯ ಸ್ಟಿಕರ್ ಅಂಟಿಸಿ, ರೆಪ್ಪೆ ಹಿಡಿದ ಕೈಯಲ್ಲೇ ಅಳತೆ ಸಿಗ್ತದೆ. ಗುಳ್ಳೆ ಸುತ್ತಲಿನದ್ದಕ್ಕಿಂತ ಬಿಳಿಚಿರ್ತದೆ; ಸಣ್ಣ ಕೆಂಪು ಚುಕ್ಕಿ ಗುಳ್ಳೆ ಅಲ್ಲ. ಚಪ್ಪಟೆ ತಲೆಯ ದೊಡ್ಡ ಉಬ್ಬುಗಳು, ಜೊತೆಗೆ ತುರಿಕೆ ಇದ್ದರೆ ಅಲರ್ಜಿಯ ಕಣ್ಣಾಗಿರಬಹುದು. ಇಲ್ಲೇ ಹೆಚ್ಚು ತಪ್ಪು ಆಗುವುದು.

ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಸ್ಯಾನಿಟೈಸರ್ ಹಾಕಿ, ಕೈ ಪೂರ್ತಿ ಒಣಗಲಿ. ಒದ್ದೆ ಬೆರಳು ತಾಗಿ ಒಂದು ಮಗುವಿನ ಕಣ್ಣು ಉರಿದರೆ ಸಾಕು, ಉಳಿದ ಮಕ್ಕಳು ತೋಟಕ್ಕೆ ಓಡ್ತಾರೆ.

ಬಂದರ್_ಕುಡ್ಲ:
ಎರಡನೆಯ ಪ್ರಶ್ನೆಗೆ: ಇಪ್ಪತ್ತೇ ಮನೆ ಇದ್ದರೆ ಎಲ್ಲವನ್ನೂ ನೋಡಿ. ಕ್ಲಸ್ಟರ್‌ಗೆ (ಸಮೀಕ್ಷೆಗೆ ಆರಿಸಿದ ಒಂದು ಮನೆಗುಂಪಿಗೆ) ಮೂವತ್ತರಷ್ಟು ಮನೆ ಬೇಕಿದ್ದರೆ ಪಕ್ಕದ ಊರನ್ನೂ ಒಟ್ಟಿಗೆ ಸೇರಿಸುವುದು ಹೊರಡುವ ಮೊದಲೇ ತೀರ್ಮಾನ ಆಗಿರಲಿ. ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಡುವುದು ಬೇಡವೇ ಬೇಡ ಮಾರಾಯ್ರೆ. ಐದರೊಳಗಿನ ಮಕ್ಕಳೇ ತಪ್ಪಿಹೋಗ್ತಾರೆ, ಸೋಂಕು ಅವರಲ್ಲೇ ಹೆಚ್ಚು. ಮನೆಯಲ್ಲಿಲ್ಲದವರ ಹೆಸರೂ ಬರೆದು ಸಂಜೆ ಮತ್ತೆ ಹೋಗಿ. ಕಡಲು ಜೋರಿದೆ ಅಂತ ಊರು ಬದಲಿಸಬೇಡಿ, ಎರಡು ದಿನ ಹೆಚ್ಚು ಇಟ್ಟುಕೊಳ್ಳಿ. ನೆಟ್‌ವರ್ಕ್ ಇಲ್ಲದೆಯೂ ದಾಖಲೆ ಉಳಿಯುವ ಆ್ಯಪ್, ಜಿಪ್ ಲಾಕ್ ಚೀಲ, ಪವರ್‌ಬ್ಯಾಂಕ್ ಬೇಕು. ಸ್ವರ್ಣಾ ನದಿಯ ಯಾವುದಾದರೂ ಕುದ್ರುವಿನಲ್ಲಿ (ನದಿ ನಡುವಿನ ದ್ವೀಪದಲ್ಲಿ) ಒಂದು ದಿನ ದೋಣಿ ಹತ್ತಿಳಿದು ತಾಲೀಮು ಮಾಡಿ, ಏನು ಮರೆತಿದ್ದೀರಿ ಗೊತ್ತಾಗ್ತದೆ.

ಕಡಲತಡಿ:
ಒಂದು ಮಾತು ಸೇರಿಸ್ತೇನೆ. ಸಾಲೊಮನ್ ದ್ವೀಪಗಳಲ್ಲಿ ಮಕ್ಕಳಲ್ಲಿ ಟಿಎಫ್ ಬಹಳ ಸಿಕ್ಕಿತು, ಟ್ರಕೋಮಾ ತರುವ ಕ್ಲಮೈಡಿಯಾ ಬ್ಯಾಕ್ಟೀರಿಯಾದ ಸೋಂಕು ಮಾತ್ರ ಕಡಿಮೆ. ಅಂದರೆ ಬರೀ ಗುಳ್ಳೆ ನೋಡಿ ಇಡೀ ದ್ವೀಪಕ್ಕೆ ಅಜಿತ್ರೊಮೈಸಿನ್ ಆ್ಯಂಟಿಬಯಾಟಿಕ್ ಕೊಡುವುದು ಸರಿಯಲ್ಲ. 2024ರಲ್ಲಿ ಭಾರತದಲ್ಲಿ ಟ್ರಕೋಮಾ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿದೆ, ಟಿಎಫ್ ಶೇ. 5ಕ್ಕಿಂತ ಕೆಳಗೆ ಇರಬೇಕೆಂಬುದು ಅದರ ಒಂದು ಗಡಿ. ಹಾಗಾಗಿ ಅನುಮತಿ ಇದ್ದರೆ ಸ್ವ್ಯಾಬ್ ತೆಗೆಯಿರಿ. ಮೇಲಿನ ಒಳಪೊರೆ ಮೇಲೆ ಮೂರು ಸಲ, ಪ್ರತಿಸಲ ತಿರುಗಿಸಿ ಉಜ್ಜಿ, ಮುಂದಿನ ಮಗುವಿಗೆ ಹೋಗುವಾಗ ಗ್ಲೌಸ್ ಬದಲಿಸಿ. ಕಣ್ಣಿಗೆ ತಾಗಿಸದ ಸ್ವ್ಯಾಬ್ ಒಂದೂ ಜೊತೆಗಿರಲಿ, ಕೈಯಿಂದ ಕಲಬೆರಕೆ ಆಗಿದೆಯಾ ಎಂದು ಅದರಿಂದಲೇ ತಿಳಿಯುವುದು.

ಮಲ್ಪೆ_ಆಪ್ಟೊಮ್:
ಸಕ್ರಿಯ ಸೋಂಕಿನ ಮಗು ಸಿಕ್ಕರೆ ಸ್ಥಳದಲ್ಲೇ ಎಂತ ಕೊಡುವುದು?

ರೆಪ್ಪೆಕೆಲಸ:
ಶೇ. 1ರ ಟೆಟ್ರಾಸೈಕ್ಲಿನ್ ಮುಲಾಮು, ದಿನಕ್ಕೆರಡು ಸಲ, ಆರು ವಾರ. ಹಚ್ಚುವ ರೀತಿಯನ್ನು ಅಮ್ಮನ ಕೈಯಿಂದಲೇ ಒಮ್ಮೆ ಮಾಡಿಸಿ ನೋಡಿ.